ಉಚ್ಚಿಲದ ಮಿಂಚುಳ್ಳಿಗೆ ಫುಲ್ ಫ್ಲ್ಯಾಶ್

ಕಡಿಯಾಳಿಯಲ್ಲಿ ಕನ್ನಡಕದ ಅಂಗಡಿ ಇಟ್ಟುಕೊಂಡಿರುವ ವಿಠಲ ಸಾಲ್ಯಾನರು ಎಲ್ಲ ವಿಷಯದಲ್ಲೂ ಸಜ್ಜನರು. ಕುಡಿಯುವವರಲ್ಲ, ಜಗಳದವರಲ್ಲ, ಮೂಗಿಗೆ ಹೊಂದದ ಫ್ರೇಮನ್ನು ಹೊಗಳಿ ಗಿರಾಕಿಯ ತಲೆಗೆ ಕಟ್ಟಿದವರಲ್ಲ. ಅವರಲ್ಲಿದ್ದ ಕೊರತೆ ಒಂದೇ. ‘ನನಗೆ ಗೊತ್ತಿಲ್ಲ’ ಎಂಬ ಮಾತು ಐವತ್ತನಾಲ್ಕು ವರ್ಷಗಳಲ್ಲಿ ಒಮ್ಮೆಯೂ ಅವರ ಬಾಯಿಂದ ಹೊರಬಿದ್ದಿರಲಿಲ್ಲ. ದಾರಿ ಕೇಳಿದವರಿಗೆ ಅವರು ತಾವು ಹೆಸರೇ ಕೇಳದ ಊರಿಗೂ ದಾರಿ ತೋರಿಸುತ್ತಿದ್ದರು. ಹಾಗೆ ಹೋದವರು ತಿರುಗಿ ಬಂದರೆ ಬೇಸರಿಸದೆ ಇನ್ನೊಂದು ದಾರಿಯನ್ನೂ ತೋರಿಸುತ್ತಿದ್ದರು.

ಇಂಥ ವಿಠಲರಿಗೆ ಹಕ್ಕಿಗಳ ಫೋಟೊ ತೆಗೆಯುವ ಹುಚ್ಚು ಹತ್ತಿತು. ಮಸ್ಕತ್ತಿನಲ್ಲಿರುವ ತಮ್ಮ ರಜೆಗೆ ಬಂದವನು ತನ್ನ ಹಳೆಯ ಕ್ಯಾಮೆರಾವನ್ನೂ ಮೊಳದುದ್ದದ ಲೆನ್ಸನ್ನೂ ಅಣ್ಣನಿಗೆ ಬಿಟ್ಟುಹೋದದ್ದೇ ಇದಕ್ಕೆ ಕಾರಣ. ಪರ್ಕಳದ ಮನೆಯ ಸುತ್ತಮುತ್ತಲಿನ ಕಾಗೆ, ಮೈನಾ, ಪಾರಿವಾಳಗಳನ್ನು ಆರು ತಿಂಗಳಲ್ಲಿ ಮುಗಿಸಿ, ವಿಠಲರು ಮಣಿಪಾಲದ ಹಕ್ಕಿ ಆಸಕ್ತರ ಬಳಗಕ್ಕೆ ಸೇರಿದರು. ಬಳಗವನ್ನು ನಡೆಸುತ್ತಿದ್ದವರು ಲೊರ್ನಾ ಮೇಡಂ. ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸಿ ನಿವೃತ್ತರಾದ ಅವರು ಹಕ್ಕಿಗಳ ಬಗ್ಗೆ ಮಾತನಾಡುವಾಗ ಮೆತ್ತಗೆ, ಮನುಷ್ಯರ ಬಗ್ಗೆ ಮಾತನಾಡುವಾಗ ಸ್ವಲ್ಪ ಜೋರಾಗಿ ಮಾತನಾಡುತ್ತಿದ್ದರು.

ಆ ತಿಂಗಳ ಸಭೆಯಲ್ಲಿ ಮೇಡಂ ಒಂದು ಪ್ರದರ್ಶನದ ಸುದ್ದಿ ಹೇಳಿದರು. ‘ಹಕ್ಕಿಯ ಮುಖ’ ಎಂಬ ಹೆಸರು. ಒಬ್ಬೊಬ್ಬರದು ಒಂದೊಂದೇ ಚಿತ್ರ. ಎಲ್ಲರೂ ತಂತಮ್ಮ ಫೋಟೊಗಳನ್ನು ಪರದೆಯ ಮೇಲೆ ತೋರಿಸಿದರು. ವಿಠಲರದು ಹೆಮ್ಮಿಂಚುಳ್ಳಿ. ಕೆಂಪು ಕೊಕ್ಕು, ಹಳದಿ ಹೊಟ್ಟೆ, ನೀಲಿ ರೆಕ್ಕೆಯ ದೊಡ್ಡ ಮಿಂಚುಳ್ಳಿ ಅದು. ಉಚ್ಚಿಲದ ಹತ್ತಿರ ಅವರ ಅತ್ತೆಮನೆಯ ಪಕ್ಕದ ಕೆರೆಯಲ್ಲಿ ದಿನವೂ ಬೆಳಿಗ್ಗೆ ಒಂದು ಕಲ್ಲುಕಂಬದ ಮೇಲೆ ಬಂದು ಕೂರುತ್ತಿತ್ತು. ಆದರೆ ಸೂರ್ಯ ಅದರ ಬೆನ್ನ ಹಿಂದೆ ಹುಟ್ಟುತ್ತಿದ್ದುದರಿಂದ ವಿಠಲರ ಫೋಟೊದಲ್ಲಿ ಆಕಾಶವೊಂದು ಬೆಳ್ಳಗೆ ಚೆನ್ನಾಗಿ ಬಂದು, ಹಕ್ಕಿ ಮಾತ್ರ ಇದ್ದಲಿನ ತುಂಡಿನಂತೆ ಕೂತಿತ್ತು.

“ಒಳ್ಳೆ ಹಕ್ಕಿ ಸಿಕ್ಕಿದೆ ನಿಮಗೆ. ಆದ್ರೆ ಮುಖ ಪೂರಾ ಕಪ್ಪು, ಕಣ್ಣು ಎಲ್ಲಿ ಉಂಟು ಅಂತಲೇ ಗೊತ್ತಾಗುದಿಲ್ಲ,” ಎಂದರು ಲೊರ್ನಾ ಮೇಡಂ. “ಫಿಲ್ ಫ್ಲ್ಯಾಶ್ ಹಾಕ್ಲಿಲ್ವಾ?”

ಮೇಡಂ ಅಂದದ್ದು ‘ಫಿಲ್’. ಅದೇ ಕ್ಷಣದಲ್ಲಿ ಹಿಂದಿನ ಸಾಲಿನವರಾರೋ ಕುರ್ಚಿ ಎಳೆದದ್ದರಿಂದ ವಿಠಲರ ಕಿವಿಗೆ ಬಿದ್ದದ್ದು ‘ಫುಲ್’. ಗುಡಿಸು ಇರಬೇಕಾದಲ್ಲಿ ಕೊಂಬು ಬಂದು ಕೂತಿತು. ಇಷ್ಟು ಸಣ್ಣ ಅಕ್ಷರದೋಷಕ್ಕೆ ಶಾಲೆಯಲ್ಲಾದರೆ ಅರ್ಧ ಅಂಕ ಹೋಗುತ್ತಿತ್ತು. ಇಲ್ಲಿ ರಾಷ್ಟ್ರೀಯ ಹೆದ್ದಾರಿಯೇ ಅಲ್ಲಾಡಿತು.

ಫ್ಲ್ಯಾಶ್ ಎಂಬ ವಸ್ತು ವಿಠಲರ ಬಳಿ ಇರಲೇ ಇಲ್ಲ. ಹಾಗೆಂದು ಹೇಳುವ ಅಭ್ಯಾಸವೂ ಇರಲಿಲ್ಲ.

“ಹಾಕಿದ್ದೆ ಮೇಡಂ. ಸಾಕಾಗ್ಲಿಲ್ಲ. ಇನ್ನೂ ದೊಡ್ಡದು ತರಿಸ್ತಾ ಇದ್ದೇನೆ.”

“ದೊಡ್ಡದಾ? ಅದಕ್ಕೆ ದೊಡ್ಡದು ಎಂತಕ್ಕೆ?” ಎಂದು ಮೇಡಂ ಹುಬ್ಬೇರಿಸುವಷ್ಟರಲ್ಲಿ ಪರದೆಯ ಮೇಲೆ ಬೇರೊಬ್ಬರ ಗೂಬೆ ಬಂತು, ಮಾತು ಅತ್ತ ತಿರುಗಿತು.

ಮರುದಿನವೇ ವಿಠಲರು ಕಾಪುವಿಗೆ ಹೋದರು. ಅಲ್ಲಿ ಮದುವೆ ಫೋಟೊಗಳ ಸ್ಟುಡಿಯೊ ನಡೆಸುವ ಯೋಗೀಶ್ ಅವರ ಹಳೆಯ ಗಿರಾಕಿ. ಮೂರು ಸಲ ಅವರಲ್ಲೇ ಕನ್ನಡಕ ಬದಲಾಯಿಸಿದ್ದ.

“ಫ್ಲ್ಯಾಶ್ ಕೊಡ್ತೇನೆ ವಿಠಲಣ್ಣ, ಅದಕ್ಕೆಂತ. ಎಷ್ಟು ಪವರಿಗೆ ಇಡ್ಲಿ?”

“ಫುಲ್.”

“ಹಗಲಿಗಾ?”

“ಹಗಲಿಗೇ. ಮಣಿಪಾಲದಲ್ಲಿ ಈಗ ಎಲ್ಲ ಹಾಗೇ ಮಾಡುದು.”

ಯೋಗೀಶ್ ಕಪಾಟು ತೆರೆದ. “ಫುಲ್ಲಿಗೆ ಇಟ್ರೆ ಸಾವಿರ ಜನ ಕೂತ ಹಾಲು ಬೆಳಗ್ತದೆ ಮಾರಾಯ್ರೆ. ಎಂತ, ಹಕ್ಕಿಗೆ ಮದುವೆಯಾ?” ಎಂದವನು ನಗುತ್ತಲೇ ತನ್ನಲ್ಲಿದ್ದ ಎರಡು ಫ್ಲ್ಯಾಶ್‌ಗಳಲ್ಲಿ ದೊಡ್ಡದನ್ನು ಕೊಟ್ಟು, ಗುಂಡಿಯನ್ನು ತುದಿಯವರೆಗೆ ತಿರುಗಿಸಿಟ್ಟ.

ಅತ್ತೆ ಅಕ್ಕು ಅವರ ಮನೆ ಉಚ್ಚಿಲದ ಈಚೆ, ಕೆರೆಮಾರು ಕ್ರಾಸಿನ ಬಳಿ ಹೆದ್ದಾರಿಯ ಪಡುಬದಿಯಲ್ಲಿತ್ತು. ಮನೆಗೂ ಹೆದ್ದಾರಿಗೂ ನಡುವೆ ಕೆರೆ. ಕೆರೆಯ ಆಚೆ ದಡದಲ್ಲಿ ಕಲ್ಲುಕಂಬ. ಕಂಬದ ಹಿಂದೆಯೇ ರಸ್ತೆ. ವಿಠಲರು ಈಚೆ ದಡದ ಮುಂಡುಗದ ಪೊದೆಯಲ್ಲಿ ಸ್ಟೂಲು ಹಾಕಿ, ಹಸಿರು ರೇನ್‌ಕೋಟು ಹೊದ್ದು, ತಲೆಗೆ ಎರಡು ಸೊಪ್ಪಿನ ಗೆಲ್ಲು ಸಿಕ್ಕಿಸಿಕೊಂಡು ಕೂತರು. ಏಳು ಗಂಟೆಗೆ ಹಕ್ಕಿ ಬಂತು. ವಿಠಲರು ಗುಂಡಿ ಒತ್ತಿದರು.

ಹೆದ್ದಾರಿ ಬದಿಯಲ್ಲೇ ಹುಟ್ಟಿ ಬೆಳೆದ ಆ ಹಕ್ಕಿ ಲಾರಿಗಳ ಹಾರ್ನು, ರಾತ್ರಿಯ ಹೆಡ್‌ಲೈಟು ಎಲ್ಲವನ್ನೂ ನೋಡಿ ಮುಗಿಸಿತ್ತು. ಅದು ಕತ್ತು ಕೂಡ ತಿರುಗಿಸಲಿಲ್ಲ. ತಿರುಗಿಸಿದ್ದು ಮಂಗಳೂರಿನ ಎಕ್ಸ್‌ಪ್ರೆಸ್ ಬಸ್ಸಿನ ಡ್ರೈವರ್. ಪೊದೆಯೊಳಗಿಂದ ಬಿಳಿಯ ಬೆಳಕು ಫಕ್ಕನೆ ಮಿಂಚಿದ್ದು ಕಂಡು, ವೇಗ ಅಳೆಯುವ ಕ್ಯಾಮೆರಾವೇ ಇರಬೇಕೆಂದು ಅವನು ಒತ್ತಿದ ಬ್ರೇಕಿಗೆ ಹಿಂದಿನ ಸೀಟಿನವರು ಮುಂದಿನ ಸೀಟಿನವರ ಹೆಗಲ ಮೇಲೆ ಎಚ್ಚರಗೊಂಡರು. ಅವನ ಹಿಂದಿನ ಕಾರು ನಿಧಾನವಾಯಿತು. ಕಾರಿನ ಹಿಂದಿನ ಟ್ಯಾಂಕರ್ ನಿಧಾನವಾಯಿತು. ಒಂದು ಕಣ್ಣು ಮುಚ್ಚಿ ಇನ್ನೊಂದನ್ನು ಕ್ಯಾಮೆರಾಕ್ಕೆ ಅಂಟಿಸಿಕೊಂಡಿದ್ದ ವಿಠಲರಿಗೆ ಇದಾವುದೂ ಕಾಣಲಿಲ್ಲ. ಅವರು ಹನ್ನೆರಡು ಸಲ ಒತ್ತಿದರು.

ಮನೆಗೆ ಬಂದು ನೋಡಿದರೆ ಹನ್ನೆರಡರಲ್ಲೂ ಹಕ್ಕಿಯೇ ಇರಲಿಲ್ಲ. ಕಂಬದ ಮೇಲೆ ಹಾಲಿನ ಪ್ಯಾಕೆಟಿನಂಥದೊಂದು ಬಿಳಿಯ ಆಕೃತಿ, ಅದಕ್ಕೊಂದು ಕೊಕ್ಕು.

“ಇದೆಂತ, ಬೆಳ್ಳಕ್ಕಿಯಾ?” ಎಂದು ಕೇಳಿದಳು ಹೆಂಡತಿ ಕುಶಲಾ.

“ಬೆಳಕು ಇನ್ನೂ ಹಿಡಿತಕ್ಕೆ ಬರ್ಲಿಲ್ಲ. ಅದಕ್ಕೆ ಸಾಧನೆ ಬೇಕು,” ಎಂದರು ವಿಠಲರು. ಸಾಧನೆಗಾಗಿ ಯೋಗೀಶನಿಂದ ಎರಡನೆಯ ಫ್ಲ್ಯಾಶನ್ನೂ ತಂದು ಮೊದಲನೆಯದಕ್ಕೆ ರಬ್ಬರ್ ಬ್ಯಾಂಡಿನಿಂದ ಕಟ್ಟಿದರು. ಮುಂದಿನ ಮೂರು ವಾರ ದಿನ ಬಿಟ್ಟು ದಿನ ಪರ್ಕಳದಿಂದ ಸ್ಕೂಟರಿನಲ್ಲಿ ಬೆಳಕು ಹರಿಯುವ ಮೊದಲೇ ಹೊರಟು, ಎಂಟೂವರೆಗೆ ಪೊದೆಯಿಂದ ಎದ್ದು, ಅಂಗಡಿಗೆ ಹೋಗುವುದು ರೂಢಿಯಾಯಿತು. ಇಪ್ಪತ್ತೈದು ವರ್ಷಗಳ ದಾಂಪತ್ಯದಲ್ಲಿ ಗಂಡ ತಾನಾಗಿ ತನ್ನ ತವರಿಗೆ ಇಷ್ಟು ಸಲ ಹೋದದ್ದನ್ನು ನೋಡಿ ಕುಶಲಾ ಯಾರಿಗೂ ಹೇಳದೆ ಸಂತೋಷಪಟ್ಟಳು.

ಕ್ರಾಸಿನಲ್ಲಿ ಹೊಸದಾಗಿ ಚಹಾ ಹೋಟೆಲು ಇಟ್ಟಿದ್ದವನು ಹೂವಪ್ಪ. ವಾಹನಗಳು ತನ್ನ ಹೋಟೆಲಿನ ಎದುರು ಬಂದು ತಲೆತಗ್ಗಿಸಿ ನಡೆಯುವುದನ್ನು ಅವನೇ ಮೊದಲು ಕಂಡವನು. ಪೊದೆಯಲ್ಲಿ ಕೂತವರು ಸರಕಾರದ ಕಡೆಯವರೆಂದು ಅವನು ಮೊದಲನೆಯ ವಾರವೇ ತೀರ್ಮಾನಿಸಿದ್ದ. ಒಂದು ದಿನ ಚಹಾ ಮತ್ತು ಗೋಳಿಬಜೆ ಹಿಡಿದುಕೊಂಡು ಬಗ್ಗಿ ಬಗ್ಗಿ ಪೊದೆಯ ತನಕ ಬಂದ.

“ಇವತ್ತು ಎಷ್ಟು ಸಿಕ್ಕಿತು ಸಾರ್?”

“ಹದಿನೈದು. ಆದ್ರೆ ಒಂದರದ್ದೂ ಮುಖ ಸರಿ ಬರ್ಲಿಲ್ಲ.”

“ಮುಖ ಎಂತಕ್ಕೆ ಸಾರ್? ನಂಬರ್ ಬಂದ್ರೆ ಸಾಕಲ್ವಾ?”

“ನಂಬರಿನಲ್ಲಿ ಎಂತ ಉಂಟು ಹೂವಪ್ಪ? ನೂರು ತೆಗ್ದ್ರೂ ಅಷ್ಟೇ, ಸಾವಿರ ತೆಗ್ದ್ರೂ ಅಷ್ಟೇ. ನನಗೆ ಬೇಕಾದ್ದು ಕಣ್ಣು. ಕಣ್ಣು ಸರಿಯಾಗಿ ಬಿದ್ರೆ ಒಳಗಿನದ್ದೆಲ್ಲ ಗೊತ್ತಾಗ್ತದೆ.”

“ಒಳಗಿನದ್ದು ಅಂದ್ರೆ... ಹಾಕಿದ್ದಾನೋ ಇಲ್ವೋ ಅಂತ ಕೂಡ?”

ಫ್ಲ್ಯಾಶಿನ ವಿಚಾರವೇ ಇರಬೇಕೆಂದುಕೊಂಡ ವಿಠಲರು ಗಂಭೀರವಾಗಿ ತಲೆಯಾಡಿಸಿದರು. “ಹಾಕಿದ್ದೂ ಗೊತ್ತಾಗ್ತದೆ. ಎಷ್ಟು ಹಾಕಿದ್ದು ಅಂತಲೂ ಗೊತ್ತಾಗ್ತದೆ.”

ಹೂವಪ್ಪ ಗೋಳಿಬಜೆಯ ತಟ್ಟೆಯನ್ನು ಅಲ್ಲೇ ಇಟ್ಟು, ಬಗ್ಗಿ ಬಗ್ಗಿಯೇ ಹಿಂದಕ್ಕೆ ಓಡಿದ.

ಆ ಸಂಜೆಯೊಳಗೆ ಸುದ್ದಿ ಪಡುಬಿದ್ರಿ ದಾಟಿ ಕಾರ್ಕಳ ಸೇರಿತು. ಕೆರೆಮಾರು ಕ್ರಾಸಿನ ಕ್ಯಾಮೆರಾ ಡ್ರೈವರನ ಕಣ್ಣಿನ ಫೋಟೊ ತೆಗೆದು, ಹಿಂದಿನ ದಿನ ಕುಡಿದದ್ದನ್ನೂ ಹೇಳುತ್ತದಂತೆ. ಒಂದು ಮಿಂಚಿಗೆ ಒಂದು ಲೈಸೆನ್ಸ್ ಹೋಯಿತಂತೆ. ಮಂಗಳೂರು ಕಡೆಯಿಂದ ಬರುವವರು ಎದುರಿನವರಿಗೆ ಲೈಟು ಹೊಡೆದು ಎಚ್ಚರಿಸತೊಡಗಿದರು. ಒಬ್ಬ ಕಂಡಕ್ಟರನಂತೂ ಕ್ರಾಸ್ ಹತ್ತಿರ ಬಂದಾಗ “ಎಲ್ಲ ಸರಿ ಕೂತ್ಕೊಳ್ಳಿ, ಫೋಟೊ ಉಂಟು” ಎಂದು ಪ್ರಯಾಣಿಕರಿಗೆ ಹೇಳುತ್ತಿದ್ದ. ಕೆಲವರು ತಲೆ ಬಾಚಿಕೊಳ್ಳುತ್ತಿದ್ದರು.

ಅದೇ ವಾರ ಕಡಿಯಾಳಿಯ ಅಂಗಡಿಗೆ ಖಾಕಿ ಅಂಗಿಯ ಬಸ್ ಡ್ರೈವರನೊಬ್ಬ ಬಂದು ಕಪ್ಪು ಕನ್ನಡಕ ಕೇಳಿದ.

“ಬಿಸಿಲಿಗಾ?” ಎಂದರು ವಿಠಲರು.

“ಬಿಸಿಲಿಗಲ್ಲ ಸಾರ್. ಉಚ್ಚಿಲದ ಹತ್ರ ಒಬ್ಬ ಕೂತಿದ್ದಾನೆ, ಕಣ್ಣನ್ನೇ ಹಿಡೀತಾನೆ. ಒಳಗೆ ಎಂತ ಉಂಟು ಅಂತ ಕಾಣ್ಬಾರ್ದು, ಅಂಥದ್ದು ಕೊಡಿ.”

“ಎಂಥೆಂಥ ಜನ ಇರ್ತಾರೆ ನೋಡಿ,” ಎಂದು ಮರುಗಿದ ವಿಠಲರು ಅವನ ಮೂಗಿಗೆ ಹೊಂದುವ, ಅತ್ಯಂತ ಕಪ್ಪಾದ ಕನ್ನಡಕವೊಂದನ್ನು ಆರಿಸಿಕೊಟ್ಟರು. ಆ ವಾರ ಅಂಥ ಏಳು ಮಂದಿ ಬಂದರು. ಚಾಲಕರಲ್ಲಿ ಕಣ್ಣಿನ ಬಗ್ಗೆ ಕಾಳಜಿ ಹೆಚ್ಚುತ್ತಿದೆ ಎಂದು ವಿಠಲರು ರಾತ್ರಿ ಊಟದ ಹೊತ್ತಿಗೆ ಹೆಂಡತಿಗೆ ಹೇಳಿದರು.

ಪೊದೆಯ ಕ್ಯಾಮೆರಾ ಯಾವ ಇಲಾಖೆಯದು ಎಂದು ವಿಚಾರಿಸಿದ ಬಸ್ಸಿನವರಿಗೆ ಯಾವ ಕಚೇರಿಯಲ್ಲೂ ಉತ್ತರ ಸಿಗಲಿಲ್ಲ. ಸಿಗುವುದಾದರೂ ಹೇಗೆ? ಕೊನೆಗೆ ಒಂದು ಭಾನುವಾರ ಬೆಳಿಗ್ಗೆ ಠಾಣೆಯ ಎಸ್ಸೈ ಸೌಮ್ಯಶ್ರೀ ಸ್ವತಃ ನೋಡೋಣವೆಂದು ಜೀಪು ಹತ್ತಿದರು. ಅಂದು ಕುಶಲಾ ಕೂಡ ತವರಿನಲ್ಲೇ ಇದ್ದಳು. ಎಸ್ಸೈ ಒಬ್ಬ ಕಾನ್‌ಸ್ಟೇಬಲ್ ಜೊತೆ ಹಿಂದಿನಿಂದ ಪೊದೆಯ ಹತ್ತಿರ ಬಂದು, “ನಮಸ್ಕಾರ. ಯಾವ ಡಿಪಾರ್ಟ್‌ಮೆಂಟು?” ಎಂದರು.

ವಿಠಲರು ಕ್ಯಾಮೆರಾದಿಂದ ಕಣ್ಣು ತೆಗೆಯಲಿಲ್ಲ. “ಕೂತ್ಕೊಳ್ಳಿ, ಕೂತ್ಕೊಳ್ಳಿ! ತಲೆ ಕಂಡ್ರೆ ಓಡಿ ಹೋಗ್ತದೆ.”

ಆ ಪಿಸುಮಾತಿನಲ್ಲಿದ್ದ ಅಧಿಕಾರಕ್ಕೆ ಎಸ್ಸೈ ತಮಗರಿವಿಲ್ಲದೆ ಕುಕ್ಕರಗಾಲಲ್ಲಿ ಕೂತರು. ಕಾನ್‌ಸ್ಟೇಬಲನೂ ಕೂತ.

“ನಿಮ್ಮನ್ನು ಇಲ್ಲಿಗೆ ಹಾಕಿದ್ದು ಯಾರು?” ಎಂದು ಎಸ್ಸೈ ಕೂಡ ಪಿಸುಗುಟ್ಟಿದರು.

“ಲೊರ್ನಾ ಮೇಡಂ.”

“ಯಾವ ಆಫೀಸು?”

“ಮಣಿಪಾಲ.”

“ಆರ್ಡರ್ ಕಾಪಿ ಉಂಟಾ?”

“ಬಾಯಲ್ಲಿ ಹೇಳಿದ್ದು. ಫುಲ್ ಹಾಕಿ ಅಂದ್ರು, ಹಾಕ್ತಾ ಇದ್ದೇನೆ,” ಎಂದು ವಿಠಲರು ಗುಂಡಿ ಒತ್ತಿದರು. ಎರಡೂ ಫ್ಲ್ಯಾಶ್ ಒಟ್ಟಿಗೆ ಮಿಂಚಿದವು. ರಸ್ತೆಯಲ್ಲಿ ಮೂರು ವಾಹನಗಳ ಬ್ರೇಕು ಒಂದರ ಹಿಂದೊಂದು ಕಿರುಚಿದವು. ಎಸ್ಸೈ ಎದ್ದು ನಿಂತರು. ಸದ್ದಿಗೆ ತಿರುಗಿದ ವಿಠಲರಿಗೆ ಮೊದಲು ಬೂಟು, ಆಮೇಲೆ ಖಾಕಿ, ಅದಕ್ಕೂ ಮೇಲೆ ಭುಜದ ನಕ್ಷತ್ರಗಳು ಕಂಡವು. ಹಕ್ಕಿ ಅಂದು ಮೊದಲ ಬಾರಿಗೆ ಹೆದರಿ ಹಾರಿಹೋಯಿತು.

ಐದು ನಿಮಿಷದಲ್ಲಿ ಪೊದೆಯ ಸುತ್ತ ಊರು ನೆರೆಯಿತು. ಹೂವಪ್ಪ ಕೈಯಲ್ಲಿ ಸೌಟು ಹಿಡಿದೇ ಬಂದಿದ್ದ. ಇವರು ಇಲಾಖೆಯವರಲ್ಲ, ಹಕ್ಕಿಯ ಫೋಟೊ ತೆಗೆಯುವವರು ಎಂದು ಗೊತ್ತಾದಾಗ ಅವನ ಮುಖ ನೋಡುವ ಹಾಗಿರಲಿಲ್ಲ. “ಮೂರು ವಾರ ಸಾರ್ ಅಂದೆನಲ್ಲ ಮಾರಾಯ್ರೆ!” ಎಂದ.

“ರಸ್ತೆಯಲ್ಲಿ ಎಂತ ಆಗ್ತಾ ಇತ್ತು ಅಂತ ನಿಮಗೆ ಗೊತ್ತುಂಟಾ?” ಎಸ್ಸೈ ಕೇಳಿದರು. “ಜನ ನಿಮ್ಮನ್ನು ಸರಕಾರದವರು ಅಂತ ತಿಳ್ಕೊಂಡಿದ್ದಾರೆ. ಅದು ನಿಮಗೆ ಗೊತ್ತಿತ್ತಾ, ಇಲ್ವಾ?”

ಗೊತ್ತಿತ್ತು ಎಂದರೆ ಸುಳ್ಳು ಅಧಿಕಾರಿಯಾಗಿ ನಟಿಸಿದ ಕೇಸು. ಇನ್ನೊಂದು ಉತ್ತರ ವಿಠಲರ ನಾಲಗೆಗೆ ಅಭ್ಯಾಸವಿಲ್ಲದ್ದು. ಅವರು ಕೆರೆ ನೋಡಿದರು, ಆಕಾಶ ನೋಡಿದರು, ಕೊನೆಗೆ ಮದ್ದು ನುಂಗುವವರಂತೆ ಕಣ್ಣು ಮುಚ್ಚಿ, “ನನಗೆ ಗೊತ್ತಿರ್ಲಿಲ್ಲ,” ಎಂದರು.

ಕುಶಲಾ ಪಕ್ಕದವಳ ತೋಳು ಗಟ್ಟಿಯಾಗಿ ಹಿಡಿದುಕೊಂಡಳು.

ಅಷ್ಟರಲ್ಲಿ ಜನರ ನಡುವಿನಿಂದ ಒಂದು ಮೀನಿನ ಬುಟ್ಟಿ ತೇಲಿ ಬಂತು. ಅದರ ಕೆಳಗೆ ಅತ್ತೆ ಅಕ್ಕು ಇದ್ದರು. ಹಿಂದೆ ಇನ್ನೂ ಆರು ಮಂದಿ ಮೀನು ಮಾರುವ ಹೆಂಗಸರು. ಅಕ್ಕುವಿಗೆ ಎಪ್ಪತ್ತು ದಾಟಿತ್ತು; ಬುಟ್ಟಿ ಇಳಿಸದೆ ಅರ್ಧ ಗಂಟೆ ಮಾತನಾಡುವ ಶಕ್ತಿ ಇನ್ನೂ ಇತ್ತು.

“ಅಳಿಯ ಹಕ್ಕಿ ಫೋಟೊ ತೆಗೀಲಿಕ್ಕೆ ಬರುದು ಅಂತ ನನಗೆ ಮೊದಲ್ನೇ ದಿನವೇ ಗೊತ್ತುಂಟಮ್ಮ,” ಎಂದರು ಅವರು ಎಸ್ಸೈಗೆ.

“ಮತ್ತೆ ಯಾರಿಗೂ ಯಾಕೆ ಹೇಳ್ಲಿಲ್ಲ?”

“ನನ್ನ ಹತ್ರ ಯಾರು ಕೇಳಿದ್ದಾರೆ? ಎಲ್ಲ ಹೂವಪ್ಪನ ಹತ್ರ ಕೇಳಿದ್ದು.” ಅಕ್ಕು ರಸ್ತೆಯ ಕಡೆ ಕೈ ತೋರಿಸಿದರು. “ಪಡುಬಿದ್ರಿಗೆ, ಕಾರ್ಕಳಕ್ಕೆ ಹೋಗುವ ಟೆಂಪೊ ನಿಲ್ಲುದು ಅಗೋ, ಆಚೆ ಬದಿ. ಈ ಬುಟ್ಟಿ ಹೊತ್ತು ನಾವು ದಿನಾ ದಾಟ್ಬೇಕು. ಹೋದ ವರ್ಷ ನಮ್ಮ ಸರಸನ ಕಾಲು ಮುರಿದದ್ದು ಇಲ್ಲಿಯೇ. ಇವಳೇ ಸರಸ, ನೋಡಿ, ಇನ್ನೂ ಕುಂಟ್ತಾಳೆ. ಈ ಮೂರು ವಾರ ಇವರು ಬಂದ ದಿನ ನಾವು ಓಡದೆ ದಾಟಿದ್ದೇವೆ. ಬಸ್ಸಿನವ್ರು ನಿಲ್ಲಿಸಿ ‘ಹೋಗಿ ಅಮ್ಮ’ ಅಂತಾರೆ. ನನ್ನ ಅಳಿಯನನ್ನು ಜೀಪಿಗೆ ಹತ್ತಿಸುದಾದ್ರೆ ಹತ್ತಿಸಿ. ನಾಳೆಯಿಂದ ಆ ಪೊದೆಯಲ್ಲಿ ಯಾರನ್ನು ಕೂರಿಸ್ತೀರಿ, ಅದು ಹೇಳಿ.”

ಎಸ್ಸೈ ಸೌಮ್ಯಶ್ರೀ ರಸ್ತೆಯ ಅಂಚಿಗೆ ಹೋಗಿ ಸ್ವಲ್ಪ ಹೊತ್ತು ನಿಂತರು. ಫ್ಲ್ಯಾಶ್ ನಿಂತದ್ದು ವಾಹನಗಳಿಗೂ ಹೇಗೋ ತಿಳಿದಂತಿತ್ತು. ಒಂದು ಎಕ್ಸ್‌ಪ್ರೆಸ್ ಅವರ ಟೋಪಿಯನ್ನು ಅಲ್ಲಾಡಿಸಿಕೊಂಡೇ ಹೋಯಿತು. ಮರಳಿ ಬಂದು ಅವರು ವಿಠಲರಿಗೆ ಹೇಳಿದರು: “ಗಾಡಿ ಓಡಿಸುವವರ ಕಣ್ಣಿಗೆ ಹೀಗೆ ಬೆಳಕು ಬಿಟ್ರೆ ಒಂದು ದಿನ ಯಾರಾದ್ರೂ ಈ ಕೆರೆಗೇ ಬೀಳ್ತಾರೆ. ಇದು ಇವತ್ತಿಗೆ ಬಂದ್.” ಆಮೇಲೆ ಅಕ್ಕುವಿನ ಕಡೆ ತಿರುಗಿದರು. “ನಿಮ್ಮದಕ್ಕೆ ಬ್ಯಾರಿಕೇಡ್ ಹಾಕಿಸ್ತೇನೆ. ಬೆಳಿಗ್ಗೆ ಎರಡು ಗಂಟೆ ಹೊತ್ತು ಒಬ್ಬ ಹೋಂಗಾರ್ಡ್ ಕೂಡ ನಿಲ್ತಾನೆ. ಈಗ ಆ ಲೊರ್ನಾ ಮೇಡಂ ನಂಬರ್ ಕೊಡಿ.”

ಮುಕ್ಕಾಲು ಗಂಟೆಯಲ್ಲಿ ಲೊರ್ನಾ ಮೇಡಂ ಮಣಿಪಾಲದಿಂದ ಬಂದಿಳಿದರು. ರಬ್ಬರ್ ಬ್ಯಾಂಡಿನಲ್ಲಿ ಕಟ್ಟಿದ ಜೋಡಿ ಫ್ಲ್ಯಾಶನ್ನೂ, ಮೂರು ವಾರದ ಬಿಳಿ ಬಿಳಿ ಫೋಟೊಗಳನ್ನೂ ಒಂದೊಂದಾಗಿ ನೋಡಿದರು.

“ಫುಲ್ ಅಲ್ಲ ವಿಠಲ್, ಫಿಲ್! ಫಿಲ್!” ಎಂದು ಅವರು ಮನುಷ್ಯರಿಗೆಂದು ಇಟ್ಟುಕೊಂಡಿದ್ದ ಧ್ವನಿಯಲ್ಲಿ ಹೇಳಿದರು. “ಬೆಳಕು ಸೂರ್ಯನದ್ದೇ ಆಗ್ಬೇಕು. ಮುಖದ ಮೇಲೆ ನೆರಳು ಉಂಟಲ್ಲ, ಅದನ್ನು ಒಂಚೂರು ತುಂಬಿಸ್ಲಿಕ್ಕೆ ಮಾತ್ರ ಫ್ಲ್ಯಾಶ್. ಮೂವತ್ತೆರಡರಲ್ಲಿ ಒಂದು ಪಾಲು ಸಾಕು. ಫ್ಲ್ಯಾಶ್ ಹಾಕಿದ್ದು ನೋಡಿದವರಿಗೆ ಗೊತ್ತಾಗ್ಲೇಬಾರ್ದು. ನೀವು ಹಾಕಿದ್ದು ಪೊಲೀಸ್ ಸ್ಟೇಷನ್ನಿಗೆ ಗೊತ್ತಾಗಿದೆ!”

ಕಾನ್‌ಸ್ಟೇಬಲ್ ನಕ್ಕು, ಎಸ್ಸೈಯವರನ್ನು ನೋಡಿ ನಿಲ್ಲಿಸಿದ. ಆದರೆ ಎಸ್ಸೈಯವರೂ ನಗುತ್ತಿದ್ದರು. ಹೂವಪ್ಪ ಎಲ್ಲರಿಗೂ ಚಹಾ ತಂದ. ವಿಠಲರಿಗೆ ಕೊನೆಗೆ ಕೊಟ್ಟ, ಆದರೆ ಕೊಟ್ಟ.

ಬ್ಯಾರಿಕೇಡುಗಳು ಬುಧವಾರ ಬಂದವು. ಮುಂದಿನ ಭಾನುವಾರ ಲೊರ್ನಾ ಮೇಡಂ ತಾವೇ ಬಂದು, ರಸ್ತೆಗೆ ಬೆಳಕು ಬೀಳದಂತೆ ಸ್ಟೂಲನ್ನು ಕೆರೆಯ ತೆಂಕಣ ಮೂಲೆಗೆ ಸರಿಸಿದರು. ಒಂದು ಫ್ಲ್ಯಾಶನ್ನು ಚೀಲಕ್ಕೆ ಹಾಕಿಸಿ, ಇನ್ನೊಂದರ ಗುಂಡಿಯನ್ನು ಕೆಳಗೆ, ಕೆಳಗೆ, ಬಹಳ ಕೆಳಗೆ ತಿರುಗಿಸಿದರು. “ಮೂರು ಸಲ ಒತ್ತಿ. ಸಿಕ್ಕಿದ್ರೆ ಸಿಕ್ಕಿತು. ಮತ್ತೆ ಅದರ ಪಾಡಿಗೆ ಅದನ್ನು ಬಿಡಿ,” ಎಂದರು.

ಹಕ್ಕಿ ಬಂದು ಕೂತಿತು. ಮೊದಲನೆಯ ಸಲ ಅದು ಬೆನ್ನು ತಿರುಗಿಸಿತ್ತು. ಎರಡನೆಯ ಸಲ ವಿಠಲರ ಕೈ ಅಲುಗಿತು. ಮೂರನೆಯ ಸಲ ಹಕ್ಕಿ ನೀರಿನಿಂದ ತಲೆಯೆತ್ತಿ ನೇರವಾಗಿ ಅವರತ್ತ ನೋಡಿತು, ಅವರು ಒತ್ತಿದರು. ಎಷ್ಟು ಸಣ್ಣಗೆ ಮಿನುಗಿತೆಂದರೆ, ಫ್ಲ್ಯಾಶ್ ಕೆಟ್ಟುಹೋಯಿತೆಂದೇ ವಿಠಲರು ತಿಳಿದರು. ಕ್ಯಾಮೆರಾದ ಪರದೆಯಲ್ಲಿ ನೋಡಿದ ಮೇಲೆ ಅವರು ಅದನ್ನು ಎರಡೂ ಕೈಯಲ್ಲಿ ಹಿಡಿದು ಮೇಡಂ ಮುಂದೆ ಚಾಚಿದರು.

ಮಣಿಪಾಲದ ಪ್ರದರ್ಶನಕ್ಕೆ ಅಕ್ಕು ತಮ್ಮ ಆರು ಗೆಳತಿಯರನ್ನು ಕರೆದುಕೊಂಡು ಬಂದರು. ಎಲ್ಲರೂ ಒಳ್ಳೆಯ ಸೀರೆ ಉಟ್ಟು, ಅಬ್ಬಲಿಗೆ ಮುಡಿದಿದ್ದರು. ತಣ್ಣಗಿನ ಆ ಕೋಣೆಯಲ್ಲಿ ಕೈ ಕಟ್ಟಿಕೊಂಡು ಓಡಾಡುತ್ತಿದ್ದ ವಿದ್ಯಾರ್ಥಿಗಳು, ಡಾಕ್ಟರುಗಳು ಬದಿಗೆ ಸರಿದು ಅವರಿಗೆ ದಾರಿ ಬಿಟ್ಟರು. ಕುಶಲಾ ತಾಯಿಯನ್ನು ಕೈ ಹಿಡಿದು ಗಂಡನ ಚಿತ್ರದ ಮುಂದೆ ತಂದು ನಿಲ್ಲಿಸಿದಳು.

ಹಳದಿ, ಕೆಂಪು, ನೀಲಿ ಎಲ್ಲ ಇದ್ದದ್ದು ಇದ್ದ ಹಾಗೆಯೇ ಬಂದಿತ್ತು. ಬೆನ್ನ ಅಂಚಿಗೆ ಬೆಳಗಿನ ಬಿಸಿಲು. ಕಪ್ಪು ಕಣ್ಣಿನೊಳಗೆ ಸಾಸಿವೆಯಷ್ಟು ಬೆಳಕು.

“ಇದು ನಮ್ಮ ಕೆರೆಯದ್ದಾ?” ಎಂದರು ಅಕ್ಕು. “ಐವತ್ತು ವರ್ಷ ಅದರ ಬದಿಯಿಂದಲೇ ಹೋದೆ ನಾನು. ರಸ್ತೆ ನೋಡುದರಲ್ಲೇ ಆಯ್ತು. ಇದನ್ನು ನೋಡ್ಲೇ ಇಲ್ಲ.”

ವಿಠಲರು ಗಂಟಲು ಸರಿಮಾಡಿಕೊಂಡರು. ಫಿಲ್ ಫ್ಲ್ಯಾಶಿನ ಬಗ್ಗೆ, ಮೂವತ್ತೆರಡರಲ್ಲಿ ಒಂದು ಪಾಲಿನ ಬಗ್ಗೆ ಒಂದು ಸಣ್ಣ ಭಾಷಣ ಅವರಲ್ಲಿ ಸಿದ್ಧವಾಗಿತ್ತು. ಆದರೆ ಅಕ್ಕು ಅಷ್ಟರಲ್ಲಿ ಚಿತ್ರಕ್ಕೆ ಮೂಗು ತಾಗುವಷ್ಟು ಹತ್ತಿರ ಹೋಗಿ, ಮಲ್ಪೆಯ ಬಂದರಿನಲ್ಲಿ ಬಂಗುಡೆ ಮೀನನ್ನು ಕಣ್ಣು ನೋಡಿ ಆರಿಸುವಾಗಿನಂತೆಯೇ ತಲೆಯನ್ನು ಆಚೀಚೆ ಓರೆಮಾಡಿ ಹಕ್ಕಿಯ ಕಣ್ಣನ್ನು ಪರೀಕ್ಷಿಸಿದರು. ಆರು ಮಂದಿ ಗೆಳತಿಯರೂ ಬಗ್ಗಿ ನೋಡಿದರು. ಪಕ್ಕದಲ್ಲಿದ್ದ ಲೊರ್ನಾ ಮೇಡಂ ಕೂಡ ಉಸಿರು ಹಿಡಿದು ಕಾದರು.

“ಕಣ್ಣು ಹೇಗೆ ಹೊಳೀತಾ ಉಂಟು ನೋಡು ಸರಸ,” ಎಂದರು ಅಕ್ಕು ಕೊನೆಗೆ, ನೆಟ್ಟಗೆ ನಿಂತು ಸೆರಗು ಸರಿಮಾಡಿಕೊಳ್ಳುತ್ತ. “ತಾಜಾ ಮಾಲು.”